ಸಿಡಿಲು ಹಿಡಿಯುವ ಉಪಗ್ರಹಕ್ಕೆ ಉಲ್ಕೆಯೂ ಸಿಗುತ್ತದೆ

ಮಾನ್ಯ ಸಂಪಾದಕರೇ,

ರಾತ್ರಿ ಬೆಂಕಿಯುಂಡೆಯೊಂದು ಹಾದುಹೋಯಿತು, ಹಿಂದೆಯೇ ಗುಡುಗಿದಂತೆ ಸದ್ದಾಯಿತು, ಜನ ಮನೆಯಿಂದ ಹೊರಗೋಡಿದರು ಎಂಬಂಥ ಸುದ್ದಿ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತದೆ. ಮರುದಿನ ಒಬ್ಬರು ಉಲ್ಕೆ ಎನ್ನುತ್ತಾರೆ, ಇನ್ನೊಬ್ಬರು ಯುದ್ಧವಿಮಾನ ಎನ್ನುತ್ತಾರೆ, ಮತ್ತೊಬ್ಬರು ರಾಕೆಟ್ಟಿನ ಚೂರು ಎನ್ನುತ್ತಾರೆ. ಮೂರನೆಯ ದಿನಕ್ಕೆ ಸುದ್ದಿಯೇ ಇರುವುದಿಲ್ಲ. ಇದೇ ಹೊಳಪು ಅಮೆರಿಕ ಖಂಡಗಳ ಮೇಲೆ ಕಾಣಿಸಿದ್ದರೆ ಅದು ಯಾವ ಸೆಕೆಂಡಿನಲ್ಲಿ ಎಲ್ಲಿ ಬೆಳಗಿತು ಎಂಬುದು ಉಪಗ್ರಹದ ದಾಖಲೆಯಲ್ಲೇ ಸಿಗುತ್ತಿತ್ತು. ಅದನ್ನು ಹಿಡಿಯುವ ಉಪಕರಣವನ್ನು ಮಾಡಿದ್ದು ಸಿಡಿಲಿಗಾಗಿ. ಸಿಡಿಲಿಗೆ ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಳ್ಳುವ ನಮ್ಮ ದೇಶಕ್ಕೆ ಅಂಥದ್ದೊಂದು ಉಪಕರಣ ಭೂಸ್ಥಿರ ಕಕ್ಷೆಯಲ್ಲಿ (ಭೂಮಿಯ ಜೊತೆಗೇ ಸುತ್ತುತ್ತ ಉಪಗ್ರಹ ಒಂದೇ ಜಾಗದ ಮೇಲೆ ನಿಂತಂತಿರುವ ಕಕ್ಷೆ) ಬೇಕೇ ಬೇಕು. ಅದನ್ನು ಹೇಗೆ ಕೂರಿಸಿದರೆ ಉಲ್ಕೆಯೂ ಸಿಗುತ್ತದೆ, ಹೇಗೆ ಕೂರಿಸಿದರೆ ಕೈತಪ್ಪುತ್ತದೆ ಎಂಬುದನ್ನು ವಿವರವಾಗಿ ಹೇಳಲು ಈ ಪತ್ರ.

ಅಮೆರಿಕದ ಗೋಸ್-16 ಹವಾಮಾನ ಉಪಗ್ರಹ 2016ರ ನವೆಂಬರ್‌ನಲ್ಲಿ ಹಾರಿತು. ಅದರಲ್ಲೂ ಅದರ ಹಿಂದೆ ಹೋದ 17, 18 ಮತ್ತು 19ನೇ ಗೋಸ್‌ಗಳಲ್ಲೂ ಜಿಯೋಸ್ಟೇಷನರಿ ಲೈಟ್ನಿಂಗ್ ಮ್ಯಾಪರ್, ಚಿಕ್ಕದಾಗಿ ಜಿಎಲ್‌ಎಂ, ಎಂಬ ಕ್ಯಾಮೆರಾ ಇದೆ. ಸುಮಾರು 36 ಸಾವಿರ ಕಿ.ಮೀ. ಎತ್ತರದಿಂದ ಅದು ಸೆಕೆಂಡಿಗೆ 500 ಚಿತ್ರ ತೆಗೆಯುತ್ತದೆ, ಅಂದರೆ ಎರಡು ಮಿಲಿಸೆಕೆಂಡಿಗೆ ಒಂದು. ಅದರ ಮುಂದೆ ಕೂರಿಸಿರುವ ಫಿಲ್ಟರ್ ಸುಮಾರು ಒಂದು ನ್ಯಾನೋಮೀಟರ್ ಅಗಲದ ಬಣ್ಣವನ್ನಷ್ಟೇ ಒಳಗೆ ಬಿಡುತ್ತದೆ: 777.4 ನ್ಯಾನೋಮೀಟರ್ ತರಂಗಾಂತರದ ಕಡುಗೆಂಪು. ಸಿಡಿಲಿನ ಬಿಸಿಗೆ ಒಡೆದ ಆಮ್ಲಜನಕದ ಪರಮಾಣುಗಳು ಹೊಳೆಯುವುದು ಇದೇ ಬಣ್ಣದಲ್ಲಿ. ಹಗಲಲ್ಲಿ ಬಿಸಿಲು ಬಿದ್ದ ಮೋಡದ ಬಿಳುಪಿನ ಮೇಲೂ ಮಿಂಚು ಎದ್ದು ಕಾಣಬೇಕಾದರೆ ಫಿಲ್ಟರ್ ಇಷ್ಟು ಕಿರಿದಾಗಿರಲೇಬೇಕು.

ಉಲ್ಕೆ ಇಲ್ಲಿ ಸಿಕ್ಕಿಬೀಳುವುದು ಹೇಗೆ? ಸೆಕೆಂಡಿಗೆ 20 ಕಿ.ಮೀ. ವೇಗದಲ್ಲಿ ನುಗ್ಗಿದ ಕಲ್ಲಿನ ಮುಂದೆ ಗಾಳಿ ಒತ್ತಿಕೊಂಡು ಕಾಯುತ್ತದೆ, ಕಲ್ಲು ಆವಿಯಾಗುತ್ತದೆ, ಆ ಆವಿ ಎಲ್ಲ ಬಣ್ಣಗಳಲ್ಲೂ ಉರಿಯುತ್ತದೆ. ಅದರಲ್ಲಿ 777.4ರ ಕಿಂಡಿಯೊಳಗೆ ಬರುವುದು ತೀರ ಸಣ್ಣ ಪಾಲು. ಆ ಸಣ್ಣ ಪಾಲೇ ಕ್ಯಾಮೆರಾಕ್ಕೆ ಕಾಣುವಷ್ಟು ಇರಬೇಕಾದರೆ ಉಲ್ಕೆಯ ಪ್ರಖರತೆ ಸುಮಾರು ಮೈನಸ್ 14 ಆಗಿರಬೇಕು (ಖಗೋಳದ ಈ ಅಳತೆಯಲ್ಲಿ ಅಂಕಿ ಇಳಿದಷ್ಟೂ ಹೊಳಪು ಹೆಚ್ಚು), ಹುಣ್ಣಿಮೆ ಚಂದ್ರನ ಮೂರು ಪಟ್ಟಿಗಿಂತಲೂ ಹೆಚ್ಚು. ಗಾತ್ರದಲ್ಲಿ ಹೇಳುವುದಾದರೆ ಗೇಣುದ್ದದ ಕಲ್ಲಿನಿಂದ ಎರಡು ಮೂರು ಮೀಟರ್ ಬಂಡೆಯವರೆಗೆ. ನೆಲದಿಂದ ನೋಡುವ ಕ್ಯಾಮೆರಾಗಳಿಗೆ ಇಷ್ಟು ದೊಡ್ಡವು ಸಿಗುವುದು ಅಪರೂಪ, ಒಂದು ಊರಿನ ಮೇಲೆ ಅವು ಬರುವುದೇ ಅಪರೂಪವಾದ್ದರಿಂದ. ಅರ್ಧ ಭೂಗೋಳವನ್ನು ಎಡೆಬಿಡದೆ ನೋಡುವ ಕಣ್ಣಿಗೆ ಮಾತ್ರ ಅವು ಮತ್ತೆ ಮತ್ತೆ ಸಿಗುತ್ತವೆ. 2018ರಲ್ಲಿ ಉಲ್ಕಾತಜ್ಞ ಪೀಟರ್ ಜೆನ್ನಿಸ್ಕೆನ್ಸ್ ಮತ್ತು ಸಂಗಡಿಗರು ಇದನ್ನು ಅಂಕಿಅಂಶ ಸಮೇತ ತೋರಿಸಿದ ಮೇಲೆ ನಾಸಾದ ಏಮ್ಸ್ ಕೇಂದ್ರ ಈ ಹುಡುಕಾಟವನ್ನು ಕಂಪ್ಯೂಟರಿಗೆ ಒಪ್ಪಿಸಿತು. ಈಗ ಯಂತ್ರ ಆರಿಸಿದ್ದನ್ನು ಮನುಷ್ಯರು ನೋಡಿ ಒಪ್ಪಿದ ನಂತರ ಸಾರ್ವಜನಿಕ ಜಾಲತಾಣಕ್ಕೆ ಏರಿಸುತ್ತಾರೆ.

ಮಿಂಚನ್ನೂ ಉಲ್ಕೆಯನ್ನೂ ಬೇರ್ಪಡಿಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜಿಎಲ್‌ಎಂ ದತ್ತಾಂಶ 20 ಸೆಕೆಂಡಿಗೊಂದು ಕಡತವಾಗಿ ಬರುತ್ತದೆ. ಅದರಲ್ಲಿ ಹೊಳೆದ ಪ್ರತಿ ಪಿಕ್ಸೆಲ್ಲಿನ ಸಮಯ, ಜಾಗ, ಶಕ್ತಿ ಇರುತ್ತವೆ. ಒಂದು ಹೊಳಪನ್ನು ತೆಗೆದುಕೊಂಡು ಅಡ್ಡಕ್ಕೆ ಸಮಯ, ಉದ್ದಕ್ಕೆ ಶಕ್ತಿ ಇಟ್ಟು ಚುಕ್ಕಿ ಹಾಕಿ ನೋಡಿ. ಮಿಂಚಾದರೆ ಚುಕ್ಕಿಗಳು ಬಾಚಣಿಗೆಯ ಮುರಿದ ಹಲ್ಲುಗಳಂತೆ ಕಾಣುತ್ತವೆ: ಒಂದು ಹೊಡೆತ, ಬಿಡುವು, ಮತ್ತೊಂದು ಹೊಡೆತ. ಜಾಗವೂ ಮೋಡದೊಳಗೆ ಅತ್ತಿತ್ತ ಕವಲೊಡೆಯುತ್ತದೆ. ಉಲ್ಕೆಯಾದರೆ ಎರಡು ಮಿಲಿಸೆಕೆಂಡಿಗೊಂದರಂತೆ ಚುಕ್ಕಿಗಳು ಬಿಡುವಿಲ್ಲದೆ ಸಾಲುಗಟ್ಟಿ ಏರುತ್ತವೆ, ಕಲ್ಲು ಸಿಡಿದ ಕಡೆ ಚೂಪಾಗುತ್ತವೆ, ಮತ್ತೆ ಇಳಿಯುತ್ತವೆ. ಇಡೀ ಆಟ ಒಂದು ಸೆಕೆಂಡಿನ ಆಚೀಚೆ ಮುಗಿಯುತ್ತದೆ. ಜಾಗವು ಒಂದೇ ಗೆರೆಯ ಮೇಲೆ ಒಂದೇ ದಿಕ್ಕಿಗೆ ಸರಿಯುತ್ತದೆ. ಆದರೆ ಈ ಸರಿಯುವಿಕೆಯನ್ನು ಬಹಳ ನಂಬುವಂತಿಲ್ಲ. ಉಪಗ್ರಹದ ನೇರ ಕೆಳಗೆ ಒಂದು ಪಿಕ್ಸೆಲ್ ಎಂದರೆ 8 ಕಿ.ಮೀ., ಅಂಚಿನಲ್ಲಿ 14 ಕಿ.ಮೀ. ಸೆಕೆಂಡಿಗೆ 20 ಕಿ.ಮೀ. ಓಡುವ ಉಲ್ಕೆ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ 40 ಮೀಟರ್ ಮಾತ್ರ ಸರಿದಿರುತ್ತದೆ. ಅದು ಭೂಮಿಗೆ ಸಮಾನಾಂತರವಾಗಿ ಹೋದರೂ ಒಂದೇ ಪಿಕ್ಸೆಲ್ಲಿನಲ್ಲಿ 0.4 ಸೆಕೆಂಡ್ ಇರುತ್ತದೆ. ಕಡಿದಾಗಿ ಇಳಿದರೆ ಕೊನೆಯವರೆಗೂ ಅಲ್ಲೇ ಉಳಿದುಬಿಡಬಹುದು. ಹೀಗಾಗಿ ಹೊಳಪಿನ ಏರಿಳಿತದ ಆಕಾರವೇ ಮುಖ್ಯ ಸಾಕ್ಷಿ, ದಾರಿ ಪೂರಕ ಸಾಕ್ಷಿ.

ಮೂರನೆಯ ಸಾಕ್ಷಿ ನೆಲದ ಮೇಲಿದೆ. ಸಿಡಿಲು ಪತ್ತೆಯ ನೆಲದ ಜಾಲಗಳು ಮಿಂಚಿನ ರೇಡಿಯೋ ಸದ್ದನ್ನು ಹಿಡಿಯುತ್ತವೆ. ನಮ್ಮ ರೈತರ ಮೊಬೈಲಿನಲ್ಲಿರುವ 'ಸಿಡಿಲು', 'ದಾಮಿನಿ' ಆ್ಯಪ್‌ಗಳ ಎಚ್ಚರಿಕೆಯ ಹಿಂದೆ ಇರುವುದು ಇಂಥ ಜಾಲಗಳೇ. ಉಲ್ಕೆ ಹಾಗೆ ರೇಡಿಯೋದಲ್ಲಿ ಚಟಪಟ ಎನ್ನುವುದಿಲ್ಲ. ಆಕಾಶದಿಂದ ಹೊಳಪು ಕಂಡಿದೆ, ನೆಲದ ಜಾಲದಲ್ಲಿ ಆ ಕ್ಷಣಕ್ಕೆ ಏನೂ ಇಲ್ಲ, ಅವಕೆಂಪು ಚಿತ್ರದಲ್ಲಿ ಅಲ್ಲಿ ಮೋಡವೂ ಇಲ್ಲ ಎಂದಾದರೆ ಉಲ್ಕೆಯ ಅನುಮಾನ ಬಲವಾಗುತ್ತದೆ. ನೆಲದ ಜಾಲ ನಮ್ಮಲ್ಲಿ ಆಗಲೇ ಇದೆ. ಜೊತೆಗೆ ಇಡಬೇಕಾದ ಮೇಲಿನ ಕಣ್ಣೊಂದೇ ಇಲ್ಲ.

ಇನ್ನು ತಪ್ಪುಗಳ ವಿಷಯ. ಮೊದಲನೆಯದು ಮತ್ತು ದೊಡ್ಡದು, ಜಾಗದ ತಪ್ಪು. ಮಿಂಚಿನ ಬೆಳಕು ಮೋಡದ ನೆತ್ತಿಯಿಂದ ಬರುತ್ತದೆ ಎಂದುಕೊಂಡು ತಂತ್ರಾಂಶ ಅಕ್ಷಾಂಶ ರೇಖಾಂಶ ಲೆಕ್ಕ ಹಾಕುತ್ತದೆ, ಉಷ್ಣವಲಯದಲ್ಲಿ ಹತ್ತಿರ ಹತ್ತಿರ 14 ಕಿ.ಮೀ. ಎತ್ತರ. ಉಲ್ಕೆ ಹೊಳೆಯುವುದು 80 ಕಿ.ಮೀ.ನಲ್ಲೋ 40ರಲ್ಲೋ. ಪೂರ್ವ ರೇಖಾಂಶ 82 ಡಿಗ್ರಿಯಲ್ಲಿ, ಅಂದರೆ ನಮ್ಮ ಇನ್ಸಾಟ್ ಉಪಗ್ರಹಗಳ ಜಾಗದಲ್ಲಿ, ಇಂಥ ಕ್ಯಾಮೆರಾ ಇದೆ ಎಂದಿಟ್ಟುಕೊಳ್ಳಿ. ಬೆಂಗಳೂರಿಗೆ ಆ ಉಪಗ್ರಹ ನೆತ್ತಿಯಿಂದ ಸುಮಾರು 16 ಡಿಗ್ರಿ ಓರೆಯಲ್ಲಿ, ದಕ್ಷಿಣಕ್ಕಿದ್ದು ತುಸು ಪೂರ್ವಕ್ಕೆ ವಾಲಿರುತ್ತದೆ. ವಿಧಾನಸೌಧದ ನೇರ ಮೇಲೆ 80 ಕಿ.ಮೀ. ಎತ್ತರದಲ್ಲಿ ಹೊಳೆದ ಉಲ್ಕೆಯನ್ನು ತಂತ್ರಾಂಶ 66 ಕಿ.ಮೀ. ತಗ್ಗಿಸಿ ಓದುವುದರಿಂದ ಗುರುತು ಸುಮಾರು 19 ಕಿ.ಮೀ. ಉತ್ತರಕ್ಕೆ ಜಾರಿ ಹೆಸರಘಟ್ಟದ ಆಸುಪಾಸಿನಲ್ಲಿ ಬೀಳುತ್ತದೆ. 40 ಕಿ.ಮೀ. ಎತ್ತರದ ಹೊಳಪಾದರೆ ಏಳೆಂಟು ಕಿ.ಮೀ. ಜಾರುತ್ತದೆ. ಒಂದೇ ಉಲ್ಕೆಯ ಮೇಲಿನ ತುದಿ ಹೆಚ್ಚು, ಕೆಳಗಿನ ತುದಿ ಕಡಿಮೆ ಜಾರುವುದರಿಂದ ದಾರಿಯ ದಿಕ್ಕೇ ತಿರುಚಿಕೊಳ್ಳುತ್ತದೆ. ಇದನ್ನು ತಿಳಿಯದೆ ಗುರುತಿನ ಕೆಳಗಿನ ಹೊಲದಲ್ಲಿ ಕಲ್ಲು ಹುಡುಕಲು ಹೊರಟರೆ ದಿನ ವ್ಯರ್ಥ.

ಇದಕ್ಕೆ ಮದ್ದು ಎರಡು ಉಪಗ್ರಹಗಳಿಂದ ಒಮ್ಮೆಗೇ ನೋಡುವುದು. ಎರಡೂ ಕೊಡುವ ಗುರುತುಗಳ ವ್ಯತ್ಯಾಸದಿಂದ ಎತ್ತರ ತಾನಾಗಿ ಹೊರಬರುತ್ತದೆ. ಅಮೆರಿಕದ ಪೂರ್ವ ಮತ್ತು ಪಶ್ಚಿಮದ ಗೋಸ್‌ಗಳ ನಡುವೆ 62 ಡಿಗ್ರಿ ಅಂತರ ಇದೆ, ಅದರಿಂದ ಕೆಲಸ ಸಲೀಸು. ನಾವು ಎಡವಬಾರದ್ದು ಇಲ್ಲೇ. ಇನ್ಸಾಟ್‌ಗಳ ರೂಢಿಯ ಜಾಗಗಳಾದ 74 ಮತ್ತು 82 ಡಿಗ್ರಿಗಳಲ್ಲಿ ಒಂದೊಂದು ಕ್ಯಾಮೆರಾ ಇಟ್ಟರೆ 80 ಕಿ.ಮೀ. ಎತ್ತರದ ಉಲ್ಕೆಗೂ ಗುರುತುಗಳ ವ್ಯತ್ಯಾಸ 11 ಕಿ.ಮೀ. ಬರುತ್ತದೆ, ಒಂದು ಪಿಕ್ಸೆಲ್ಲಿಗಿಂತ ಚೂರು ಹೆಚ್ಚು. ಅಷ್ಟರಿಂದ ಎತ್ತರ ಅಳೆಯಲಾಗದು. ಹಿಂದೆ ಇನ್ಸಾಟ್-3ಎ ಇದ್ದ 93.5 ಡಿಗ್ರಿಯನ್ನು 74ರ ಜೊತೆ ಜೋಡಿ ಮಾಡಿದರೆ ವ್ಯತ್ಯಾಸ ಸುಮಾರು 28 ಕಿ.ಮೀ.ಗೆ ಏರುತ್ತದೆ, ಮೂರು ಪಿಕ್ಸೆಲ್. ಆಗ ಲೆಕ್ಕ ನಿಲ್ಲುತ್ತದೆ. ಸಿಡಿಲಿಗೆ ಎರಡು ಉಪಗ್ರಹಗಳ ಜೋಡಿ ಅಷ್ಟೇನೂ ಮುಖ್ಯವಲ್ಲದ ಕಾರಣ, ಮೊದಲೇ ಕೇಳದಿದ್ದರೆ ಈ ಮಾತು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಎರಡನೆಯ ತಪ್ಪು ಶಕ್ತಿಯ ಅಂದಾಜಿನಲ್ಲಿ. ನಿಧಾನದ ಉಲ್ಕೆಯನ್ನು ಸುಮಾರು 6 ಸಾವಿರ ಕೆಲ್ವಿನ್ ಬಿಸಿಯ ಕೆಂಡದಂತೆ ಭಾವಿಸಿ, ಒಂದು ನ್ಯಾನೋಮೀಟರಿನಿಂದ ಒಟ್ಟು ಬೆಳಕನ್ನು ಗುಣಿಸಿ ತೆಗೆಯುತ್ತಾರೆ. ಸೆಕೆಂಡಿಗೆ 59 ಕಿ.ಮೀ. ಬರುವ ಪರ್ಸೀಡ್, 71 ಕಿ.ಮೀ. ಬರುವ ಲಿಯೋನಿಡ್ ಉಲ್ಕೆಗಳಲ್ಲಿ ಗಾಳಿಯ ಆಮ್ಲಜನಕವೇ ಜೋರಾಗಿ ಹೊಳೆಯುತ್ತದೆ. ಅದೇ ಗುಣಕ ಹಾಕಿದರೆ ಸಣ್ಣ ಕಲ್ಲು ದೊಡ್ಡ ಬಂಡೆಯಾಗಿಬಿಡುತ್ತದೆ. ಇನ್ನೊಂದು ತೊಡಕು ಕ್ಯಾಮೆರಾದೊಳಗೇ ಇದೆ. ಪ್ರತಿ ಪಿಕ್ಸೆಲ್ಲಿಗೂ ಅದು ಹಿನ್ನೆಲೆಯ ಬೆಳಕಿನ ಸರಾಸರಿಯನ್ನು ಸತತವಾಗಿ ತಿದ್ದಿಕೊಳ್ಳುತ್ತಿರುತ್ತದೆ. ಹೊಳಪು ಬಹಳ ಹೊತ್ತು ಉಳಿದರೆ ಆ ಹೊಳಪೇ ಹಿನ್ನೆಲೆ ಎನ್ನಿಸಿಕೊಂಡು ಕಳೆದುಹೋಗುತ್ತದೆ. ಮಿಂಚಿಗೆ ಈ ತೊಂದರೆ ಇಲ್ಲ. ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಉಲ್ಕೆಯ ಬಾಲ ಮಾತ್ರ ಕತ್ತರಿಸಿದಂತೆ ಕಾಣುತ್ತದೆ. ಕೆರೆ, ಸಮುದ್ರದ ಮೇಲೆ ಬಿಸಿಲು ಕೋರೈಸಿದ್ದು ಉಲ್ಕೆಯ ವೇಷ ಹಾಕುವುದೂ ಉಂಟು. ದಿನದ ಅದೇ ಹೊತ್ತಿಗೆ ಅದೇ ನೀರಿನ ಮೇಲೆ ಮರುಕಳಿಸುವುದರಿಂದ ಅದನ್ನು ಗುರುತಿಸಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಮುಂದಿನದು. ಜಿಎಲ್‌ಎಂ ಸಂವೇದಕದಲ್ಲಿ 1372 ಅಡ್ಡ, 1300 ಉದ್ದ ಪಿಕ್ಸೆಲ್‌ಗಳಿವೆ. ಸೆಕೆಂಡಿಗೆ 500 ಸಲ ಓದಿದರೆ ಸುಮಾರು 89 ಕೋಟಿ ಅಂಕಿಗಳು. ಅಷ್ಟನ್ನೂ ಭೂಮಿಗೆ ಕಳಿಸಲು ಆಗುವುದಿಲ್ಲ. ಹಿನ್ನೆಲೆಗಿಂತ ಮಿತಿ ಮೀರಿ ಹೊಳೆದ ಪಿಕ್ಸೆಲ್‌ಗಳನ್ನಷ್ಟೇ ಉಪಗ್ರಹ ಕಳಿಸುತ್ತದೆ. ನೆಲಕ್ಕೆ ಬಂದ ಮೇಲೆ ಇನ್ನೊಂದು ಸುತ್ತಿನ ಜರಡಿ ನಡೆಯುತ್ತದೆ. ಕಾಸ್ಮಿಕ್ ಕಣ ಬಡಿದದ್ದು, ಬಿಸಿಲಿನ ಕೋರೈಕೆ, ಒಂಟಿ ಚುಕ್ಕಿ, ಹೀಗೆ ಮಿಂಚಿನಂತೆ ನಡೆದುಕೊಳ್ಳದ ಎಲ್ಲವನ್ನೂ ಅದು ಎಸೆಯುತ್ತದೆ. ಉಲ್ಕೆಯೂ ಮಿಂಚಿನಂತೆ ನಡೆದುಕೊಳ್ಳುವುದಿಲ್ಲವಲ್ಲ! ಹವಾಮಾನದವರಿಗೆ ಕಸವಾದದ್ದು ಉಲ್ಕೆ ಹುಡುಕುವವರಿಗೆ ಕಾಳು. ಅದಕ್ಕೇ ಈ ಹುಡುಕಾಟಕ್ಕೆ ಜರಡಿ ಹಿಡಿಯುವ ಮೊದಲಿನ ಕಚ್ಚಾ ದತ್ತಾಂಶ ಬೇಕು. ನಮ್ಮ ಮುಂದಿನ ಪೀಳಿಗೆಯ ಹವಾಮಾನ ಉಪಗ್ರಹದಲ್ಲಿ ಮಿಂಚು ಕ್ಯಾಮೆರಾ ಬಂದಾಗ ಆ ಕಚ್ಚಾ ಕಡತಗಳನ್ನು ಅಳಿಸದೆ ಇಟ್ಟುಕೊಳ್ಳುವ ನಿಯಮ ಮೊದಲ ದಿನದಿಂದಲೇ ಇರಬೇಕು. ತಗಲುವ ಖರ್ಚು ಹಾರ್ಡ್‌ಡಿಸ್ಕಿನದು ಮಾತ್ರ.

ಅಲ್ಲಿಯವರೆಗೆ ನಮಗಿರುವುದು ಅಮೆರಿಕದ ರಕ್ಷಣಾ ಉಪಗ್ರಹಗಳ ಪಟ್ಟಿ. ಭೂಮಿಯ ಹತ್ತಿರ ಬರುವ ಆಕಾಶಕಾಯಗಳನ್ನು ಅಧ್ಯಯನ ಮಾಡುವ ನಾಸಾದ ಸಿಎನ್‌ಇಒಎಸ್ ಕೇಂದ್ರ 1988ರಿಂದ ಈಚಿನ ದೊಡ್ಡ ಅಗ್ನಿಗೋಳಗಳನ್ನು ಅದರಲ್ಲಿ ಪ್ರಕಟಿಸುತ್ತದೆ, ಭೂಮಿಯ ಯಾವ ಮೂಲೆಯದಾದರೂ ಸರಿ. ಇದನ್ನು ಓದುವಾಗ ಕೆಲವು ಎಚ್ಚರ ಬೇಕು. ಸಮಯ ಜಾಗತಿಕ ವೇಳೆಯಲ್ಲಿದೆ, ಐದೂವರೆ ಗಂಟೆ ಕೂಡಿಸಬೇಕು. ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ 2013ರ ಫೆಬ್ರುವರಿ 15ರಂದು ಸಿಡಿದದ್ದು ಪಟ್ಟಿಯಲ್ಲಿ 03:20:33, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:50:33. ಜಾಗವನ್ನು ಒಂದು ದಶಾಂಶಕ್ಕೆ ಕೊಡುತ್ತಾರೆ, ಅಂದರೆ 11 ಕಿ.ಮೀ. ಹೆಜ್ಜೆ. ಶಕ್ತಿ ಎರಡು ಬಗೆಯಲ್ಲಿದೆ: ಬೆಳಕಾಗಿ ಹೋದದ್ದು ಜೂಲ್‌ಗಳಲ್ಲಿ, ಒಟ್ಟು ಶಕ್ತಿ ಕಿಲೋಟನ್‌ಗಳಲ್ಲಿ. ವರದಿಗಳು ಇವೆರಡನ್ನು ಗೊಂದಲ ಮಾಡಿಕೊಳ್ಳುವುದುಂಟು. ಚೆಲ್ಯಾಬಿನ್ಸ್ಕ್‌ನಲ್ಲಿ ಬೆಳಕಾಗಿ ಹೋದದ್ದು 375 ಲಕ್ಷ ಕೋಟಿ ಜೂಲ್. ಒಂದು ಕಿಲೋಟನ್ (ಸಾವಿರ ಟನ್ ಟಿಎನ್‌ಟಿ ಸಿಡಿಮದ್ದಿನ ಶಕ್ತಿ) ಎಂದರೆ 4.184 ಲಕ್ಷ ಕೋಟಿ ಜೂಲ್, ಭಾಗಿಸಿದರೆ 89.6 ಕಿಲೋಟನ್ ಬೆಳಕು. ಅದನ್ನು 0.885ರ ಘಾತಕ್ಕೇರಿಸಿ 8.25ರಿಂದ ಗುಣಿಸಿದರೆ 440 ಕಿಲೋಟನ್, ಪಟ್ಟಿಯಲ್ಲಿರುವ ಅಂಕಿಯೇ. ಈ ಸೂತ್ರ ಹೇಳುವ ಸಂಗತಿ ಏನೆಂದರೆ ದೊಡ್ಡ ಬಂಡೆ ತನ್ನ ಶಕ್ತಿಯ ಐದನೇ ಒಂದು ಪಾಲನ್ನು ಬೆಳಕು ಮಾಡಿದರೆ, ಒಂದು ಕಿಲೋಟನ್ನಿನ ಸಣ್ಣದು ಹತ್ತನೇ ಒಂದು ಪಾಲನ್ನೂ ಮಾಡುವುದಿಲ್ಲ.

ಪಟ್ಟಿಯ ಸಮಯ ಮತ್ತು ಶಕ್ತಿಯನ್ನು ನಂಬಬಹುದು. ವೇಗ ಮತ್ತು ದಿಕ್ಕನ್ನು ಕಣ್ಣುಮುಚ್ಚಿ ನಂಬಬಾರದು. 2019ರಲ್ಲಿ ಆಸ್ಟ್ರೇಲಿಯದ ಮರುಭೂಮಿ ಕ್ಯಾಮೆರಾ ಜಾಲದವರು ನೆಲದ ದಾಖಲೆಗಳೊಂದಿಗೆ ಹೋಲಿಸಿದಾಗ ಕೆಲವು ಅಗ್ನಿಗೋಳಗಳ ವೇಗ, ದಿಕ್ಕು ದೊಡ್ಡದಾಗಿಯೇ ತಪ್ಪಿದ್ದವು. ಅದನ್ನಾಧರಿಸಿ ಕಲ್ಲು ಬಂದ ಕಕ್ಷೆಯನ್ನು ಲೆಕ್ಕ ಹಾಕುವುದು ಮರಳಿನ ಮೇಲೆ ಮನೆ ಕಟ್ಟಿದಂತೆ. ಪ್ರಕಟಣೆ ತಡವಾಗುವುದೂ ಉಂಟು. 2018ರ ಡಿಸೆಂಬರ್ 18ರಂದು ಬೇರಿಂಗ್ ಸಮುದ್ರದ ಮೇಲೆ 173 ಕಿಲೋಟನ್ನಿನ ಅಗ್ನಿಗೋಳ ಸಿಡಿಯಿತು. ಜಗತ್ತು ಅದನ್ನು ಮಾತಾಡಿಕೊಂಡದ್ದು 2019ರ ಮಾರ್ಚ್‌ನಲ್ಲಿ. ಆಮೇಲೆ ಹುಡುಕಿದರೆ ಜಪಾನಿನ ಹಿಮಾವರಿ-8, ಅಮೆರಿಕದ ಟೆರ್ರಾ ಉಪಗ್ರಹಗಳ ಚಿತ್ರಗಳಲ್ಲಿ ಅದರ ಹೊಗೆಯ ಕಂಬ ಸಿಕ್ಕಿತು.

ಬೇರೆಯವರ ಪಟ್ಟಿಗೆ ಕಾಯುವುದು ಬರೀ ಕುತೂಹಲದ ಪ್ರಶ್ನೆಯಾಗಿ ಉಳಿಯುವುದಿಲ್ಲ. 2002ರ ಜೂನ್ 6ರಂದು ಗ್ರೀಸ್ ಮತ್ತು ಲಿಬಿಯಾದ ನಡುವೆ ಮೆಡಿಟರೇನಿಯನ್ ಸಮುದ್ರದ ಮೇಲೆ ಹಿರೊಶಿಮಾ ಬಾಂಬಿನ ಸಾಲಿಗೆ ಸೇರುವ ಶಕ್ತಿಯ ಉಲ್ಕೆ ಸಿಡಿಯಿತು. ಅದೇ ಹೊತ್ತಿಗೆ ಭಾರತ ಮತ್ತು ಪಾಕಿಸ್ತಾನದ ಸೇನೆಗಳು ಗಡಿಯಲ್ಲಿ ಎದುರುಬದುರು ನಿಂತಿದ್ದವು. ಅದೇ ಸಿಡಿತ ಕೆಲವು ಗಂಟೆ ಮೊದಲು ಇಲ್ಲಿ ಆಗಿದ್ದರೆ ಅಣುಬಾಂಬ್ ಎಂದು ಭಾವಿಸಿ ಅನಾಹುತ ಆಗಬಹುದಿತ್ತು ಎಂದು ಅಮೆರಿಕದ ವಾಯುಪಡೆಯ ಬ್ರಿಗೇಡಿಯರ್ ಜನರಲ್ ಸೈಮನ್ ವೊರ್ಡೆನ್ ಆಗಲೇ ಎಚ್ಚರಿಸಿದ್ದರು. ಬಂದದ್ದು ಕಲ್ಲೋ ಬಾಂಬೋ ಎಂದು ನಿಮಿಷಗಳಲ್ಲಿ ಹೇಳುವ ಸಾಧನ ನಮ್ಮ ಕೈಯಲ್ಲೇ ಇರಬೇಕಾದ ಕಾರಣಕ್ಕೆ ಇದಕ್ಕಿಂತ ಹೆಚ್ಚಿನ ಉದಾಹರಣೆ ಬೇಕಿಲ್ಲ. ಯುರೋಪು 2022ರ ಡಿಸೆಂಬರ್‌ನಲ್ಲಿ ಕಳಿಸಿದ ಹೊಸ ಮೀಟಿಯೋಸಾಟ್ ಹವಾಮಾನ ಉಪಗ್ರಹ ಕೂಡ ಮಿಂಚು ಕ್ಯಾಮೆರಾ ಹೊತ್ತಿದೆ. ಆದರೆ ಅದು ಶೂನ್ಯ ರೇಖಾಂಶದಲ್ಲಿದ್ದು ಯುರೋಪು, ಆಫ್ರಿಕ, ಪಶ್ಚಿಮ ಏಷ್ಯಾಗಳನ್ನು ನೋಡುತ್ತದೆ.

ಈಗಿರುವ ಇನ್ಸಾಟ್-3ಡಿಆರ್, 3ಡಿಎಸ್ ಚಿತ್ರಗಳಲ್ಲಿ ಉಲ್ಕೆ ಸಿಗಬಾರದೇಕೆ ಎಂದು ಯಾರಾದರೂ ಕೇಳಬಹುದು. ಅವುಗಳ ಕ್ಯಾಮೆರಾ ಭೂಗೋಳವನ್ನು ಪಟ್ಟಿ ಪಟ್ಟಿಯಾಗಿ ಓದಿ ಮುಗಿಸಲು ಅರ್ಧ ಗಂಟೆಯ ಆಸುಪಾಸು ಹಿಡಿಯುತ್ತದೆ. ಯಾವುದೇ ಒಂದು ಊರನ್ನು ಅದು ನೋಡುವುದು ಆ ಅರ್ಧ ಗಂಟೆಯಲ್ಲಿ ಒಂದು ಕ್ಷಣ. ಮೂರು ಸೆಕೆಂಡಿನ ಹೊಳಪು ಅದೇ ಕ್ಷಣಕ್ಕೆ ಬೀಳುವುದು ಆರುನೂರರಲ್ಲಿ ಒಂದು ಸಲವೂ ಕಷ್ಟ. ಹಗಲಲ್ಲಿ ದೊಡ್ಡ ಉಲ್ಕೆ ಬಿಟ್ಟುಹೋದ ದೂಳಿನ ಗೆರೆಯಾದರೆ ಸಿಗಬಹುದು. ಒಂದು ಕಿ.ಮೀ. ವಿವರದ ದೃಶ್ಯ ಬೆಳಕಿನ ಚಿತ್ರವನ್ನು ಮೊದಲು ನೋಡಿ, ಘಟನೆಯ ಹಿಂದಿನ ಮತ್ತು ಮುಂದಿನ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ಈ ಚಿತ್ರಗಳು ಇಸ್ರೋದ ಮಾಸ್‌ಡಾಕ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿದವರಿಗೆ ಸಿಗುತ್ತವೆ. ಇನ್ಸಾಟ್‌ಗಳ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲೇ ಇರುವುದರಿಂದ ಕನ್ನಡಿಗರಿಗೆ ಈ ಉಪಗ್ರಹಗಳು ಪರಕೀಯವೇನಲ್ಲ.

ಪತ್ರಿಕೆಗಳಿಗೂ ಒಂದು ಕೋರಿಕೆ ಇದೆ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಕಿಟಕಿಗಳನ್ನು ನಡುಗಿಸಿದ ಸದ್ದು ನೆನಪಿರಬಹುದು. ಭೂಕಂಪಮಾಪಕಗಳಲ್ಲಿ ಕಂಪನ ದಾಖಲಾಗಿಲ್ಲ ಎಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು, ವಾಯುಪಡೆಯ ಪರೀಕ್ಷಾ ವಿಮಾನ ಶಬ್ದದ ವೇಗ ಮೀರಿ ಹಾರಿದ್ದು ಎಂದು ರಕ್ಷಣಾ ಇಲಾಖೆ ತಿಳಿಸಿತು. ಅಷ್ಟರೊಳಗೆ ಉಲ್ಕೆಯ ಸುದ್ದಿ ಊರೆಲ್ಲ ಹರಡಿತ್ತು. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಆಕಾಶದಲ್ಲಿ ಸಾಲಾಗಿ ಹೊತ್ತಿ ಹೋದದ್ದು ಚೀನಾದ ರಾಕೆಟ್ಟಿನ ಅವಶೇಷ. ಚಂದ್ರಾಪುರ ಜಿಲ್ಲೆಯ ಸಿಂದೇವಾಹಿಯಲ್ಲಿ ಮೂರು ಮೀಟರ್ ಅಗಲದ ಲೋಹದ ಬಳೆಯೇ ಬಿತ್ತು. ಇವನ್ನು ಬೇರ್ಪಡಿಸಲು ಒಂದು ಗಡಿಯಾರ ಸಾಕು. ರಾಕೆಟ್ ಚೂರಿನ ವೇಗ ಸೆಕೆಂಡಿಗೆ 8 ಕಿ.ಮೀ. ಮೀರುವುದಿಲ್ಲ; ಅದು ಅರ್ಧ ನಿಮಿಷ, ಒಂದು ನಿಮಿಷ ನಿಧಾನವಾಗಿ ಅಡ್ಡ ಹಾಯುತ್ತದೆ. ಉಲ್ಕೆಯ ವೇಗ ಕನಿಷ್ಠ 11 ಕಿ.ಮೀ., ಎಷ್ಟೋ ಸಲ ಎಣಿಸುವ ಮೊದಲೇ ಮುಗಿದಿರುತ್ತದೆ. ವಿಮಾನದ ಸಿಡಿತಕ್ಕೆ ಬೆಳಕೇ ಇಲ್ಲ.

ಆದ್ದರಿಂದ ವರದಿಗಾರರು 'ರಾತ್ರಿ ಸುಮಾರು ಒಂಬತ್ತಕ್ಕೆ' ಎಂದು ಬರೆಯದೆ ಮೊಬೈಲ್ ತೋರಿಸಿದ ನಿಮಿಷವನ್ನು ಬರೆಯಲಿ, ಸಿಕ್ಕರೆ ಸೆಕೆಂಡನ್ನೂ. ನೋಡಿದವರು ನಿಂತಿದ್ದ ಜಾಗ ಯಾವುದು, ಯಾವ ಮರದ ಅಥವಾ ನೀರಿನ ಟ್ಯಾಂಕಿನ ಮೇಲಿಂದ ಯಾವ ಕಡೆಗೆ ಹೋಯಿತು ಎಂದು ಕೇಳಲಿ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ ಅಗಲ. ದಿಗಂತದಿಂದ ಎಷ್ಟು ಮುಷ್ಟಿ ಮೇಲೆ ಆರಿತು ಎಂದು ಕೇಳಿದರೆ ಎತ್ತರ ಸಿಗುತ್ತದೆ. ಬೆಳಕು ಕಂಡ ಎಷ್ಟು ಹೊತ್ತಿಗೆ ಸದ್ದು ಬಂತು ಎಂಬುದು ಎಲ್ಲಕ್ಕಿಂತ ಬೆಲೆಬಾಳುವ ಮಾಹಿತಿ. ಸದ್ದು ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 300 ಮೀಟರ್ ಸಾಗುತ್ತದೆ, ಹಾಗಾಗಿ 30 ಕಿ.ಮೀ. ಮೇಲೆ ಸಿಡಿದದ್ದು ಕೇಳಲು ಒಂದೂವರೆ ನಿಮಿಷವಾದರೂ ಬೇಕು. ಬೆಳಕಿನ ಜೊತೆಗೇ ಸದ್ದು ಬಂತು ಎಂದರೆ ಸಂಶಯಪಡಬೇಕು. ಚೆಲ್ಯಾಬಿನ್ಸ್ಕ್ ನಗರದ ನಡುಭಾಗಕ್ಕೆ ಅಬ್ಬರ ಮುಟ್ಟಲು ಎರಡು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಆ ಹೊತ್ತಿನಲ್ಲಿ ಏನದು ಬೆಳಕು ಎಂದು ನೋಡಲು ಜನ ಕಿಟಕಿಗೆ ಬಂದಿದ್ದರು; ಒಂದೂವರೆ ಸಾವಿರದಷ್ಟು ಜನ ಗಾಯಗೊಂಡದ್ದು ಬಹುತೇಕ ಗಾಜಿನಿಂದ. ಆಕಾಶ ಹಗಲಾದಂತೆ ಬೆಳಗಿದರೆ ಕಿಟಕಿಯಿಂದ ದೂರ ಸರಿಯಿರಿ ಎಂಬ ಒಂದು ಸಾಲನ್ನು ಇಂಥ ಪ್ರತಿ ಸುದ್ದಿಯ ಕೆಳಗೂ ಹಾಕಬೇಕು.

ಕಲ್ಲು ನೆಲಕ್ಕೆ ಬಿದ್ದ ಉದಾಹರಣೆಗಳು ನಮ್ಮ ಸುತ್ತಲೇ ಇವೆ. ಮದ್ದೂರಿನ ಹೆಸರಿನ ಉಲ್ಕಾಶಿಲೆ 1865ರದು, ಉಡುಪಿಯದು 1866ರದು, ಹೊಸೂರಿನ ಆಚೆ ಸೂಳಗಿರಿಯಲ್ಲಿ ಬಿದ್ದದ್ದು 2008ರ ಸೆಪ್ಟೆಂಬರ್ 12ರಂದು. ಸಿಕ್ಕ ಕಲ್ಲನ್ನು ತೊಳೆಯದೆ, ಅಯಸ್ಕಾಂತ ತಾಗಿಸದೆ, ಸ್ವಚ್ಛ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಬೇಕು. ಅಯಸ್ಕಾಂತ ತಾಗಿಸಿದರೆ ಕಲ್ಲಿನೊಳಗಿದ್ದ ಹಳೆಯ ಕಾಂತತ್ವದ ದಾಖಲೆ ಅಳಿಸಿಹೋಗುತ್ತದೆ.

ಕೊನೆಯದಾಗಿ ಅಂಗಡಿ, ಪೆಟ್ರೋಲ್ ಬಂಕ್, ಟೋಲ್ ಗೇಟುಗಳವರಿಗೆ. ನಿಮ್ಮ ಸಿಸಿಟಿವಿಯಲ್ಲಿ ಆ ಹೊಳಪು ಸಿಕ್ಕಿರುತ್ತದೆ. ಉಲ್ಕೆ ಚೌಕಟ್ಟಿನಲ್ಲಿ ಇಲ್ಲದಿದ್ದರೂ ನೆಲದ ಮೇಲೆ ಓಡಿದ ಕಂಬದ ನೆರಳಿನಿಂದ ದಿಕ್ಕು ತೆಗೆಯಬಹುದು. ಹಳೆಯ ದೃಶ್ಯಗಳ ಮೇಲೆ ಡಿವಿಆರ್ ಹೊಸದನ್ನು ಬರೆಯುವ ಮೊದಲು ಆ ತುಣುಕನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಡಿವಿಆರ್ ಗಡಿಯಾರ ನಿಮಿಷಗಟ್ಟಲೆ ತಪ್ಪಿರುವುದು ಸಾಮಾನ್ಯ, ಅದನ್ನು ತಿದ್ದಬೇಡಿ. ಅದರ ಪರದೆಯ ಪಕ್ಕ ನಿಮ್ಮ ಮೊಬೈಲಿನ ಗಡಿಯಾರ ಹಿಡಿದು ಎರಡೂ ಸೆಕೆಂಡುಗಳು ಕಾಣುವಂತೆ ಒಂದು ಫೋಟೋ ತೆಗೆದು ಜೊತೆಗಿಡಿ. ಕ್ಯಾಮೆರಾವನ್ನು ಇದ್ದ ಜಾಗದಿಂದ ಅಲುಗಿಸಬೇಡಿ, ಅಳತೆ ಮಾಡುವವರು ಬರುವವರೆಗೆ.

ಇಂತಿ ನಿಮ್ಮ ವಿಶ್ವಾಸಿ,
ಓದುಗರೊಬ್ಬರು, ಹಾಸನ